ತಿರುಗುಬಲವೂ ಅದರ ಲೆಕ್ಕವೂ

ಯಂತ್ರವನ್ನು ಕೊಳ್ಳುವಾಗ ಅದರ ಮೇಲೆ ನಮೂದಾಗಿರುವ ಕುದುರೆಶಕ್ತಿಯನ್ನು ಮಾತ್ರ ನೋಡುವುದು ನಮ್ಮ ರೈತರ ವಾಡಿಕೆಯಾಗಿದೆ. ಇದು ಸಾಲದು. ಗಾಣವಾಗಲಿ, ಮುಸುಕಿನ ಜೋಳವನ್ನು ಬಿಡಿಸುವ ಯಂತ್ರವಾಗಲಿ ತಿರುಗಬೇಕಾದರೆ ಅದರ ಅಕ್ಷಕ್ಕೆ ತಕ್ಕಷ್ಟು ತಿರುಗುಬಲವು ದೊರೆಯಬೇಕು. ಯಂತ್ರಶಾಸ್ತ್ರಜ್ಞರು ಇದನ್ನೇ ಟಾರ್ಕ್ ಎಂದು ಕರೆಯುವರು. ಇದರ ಲೆಕ್ಕವು ಗುಣಾಕಾರ ಭಾಗಾಕಾರಗಳನ್ನು ಬಲ್ಲವರೆಲ್ಲರಿಗೂ ಸಾಧ್ಯವಾದುದು.

ಎತ್ತಿನ ಗಾಣವು ಈಗ ವಿರಳವಾಗಿದ್ದರೂ ಈ ತತ್ತ್ವವನ್ನು ತಿಳಿಯುವುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಗಾಣದ ನಡುವಿನಿಂದ ಎತ್ತುಗಳನ್ನು ಹೂಡುವ ಸ್ಥಳದವರೆಗೆ ತೊಲೆಯು 3 ಮೀಟರು ಉದ್ದವಿದೆಯೆಂದೂ, ಎತ್ತಿನ ಜೋಡಿಯು 60 ಕಿಲೋಗ್ರಾಂ ಬಲದಿಂದ ಎಳೆಯುತ್ತದೆಯೆಂದೂ ಭಾವಿಸೋಣ. ಬಲವನ್ನು ದೂರದಿಂದ ಗುಣಿಸಿದರೆ 180 ಕಿಲೋಗ್ರಾಂ-ಮೀಟರು. ಇದೇ ತಿರುಗುಬಲ. ಕಣವು ಇಕ್ಕಟ್ಟೆಂದು ತೊಲೆಯನ್ನು 2 ಮೀಟರಿಗೆ ಇಳಿಸಿದರೆ ಅದೇ ಕೆಲಸಕ್ಕೆ ಎತ್ತುಗಳು 90 ಕಿಲೋಗ್ರಾಂ ಬಲದಿಂದ ಎಳೆಯಬೇಕಾಗುವುದು. ಅವುಗಳ ಹೆಗಲು ಹುಣ್ಣಾದರೆ ಆಶ್ಚರ್ಯವಿಲ್ಲ. ಉದ್ದನೆಯ ತೊಲೆಗಾದರೋ ಒಂದು ಸುತ್ತಿಗೆ ಹನ್ನೆರಡೂವರೆ ಮೀಟರಿಗೆ ಬದಲಾಗಿ ಸುಮಾರು 19 ಮೀಟರು ನಡೆಯಬೇಕು. ಬಲದಲ್ಲಿ ಉಳಿಸಿದುದನ್ನು ನಡಿಗೆಯಲ್ಲಿ ತೆರಲೇಬೇಕು.

ಎಳೆತವು ತೊಲೆಗೆ ಲಂಬವಾಗಿರುವಾಗ ಮಾತ್ರ ಈ ಲೆಕ್ಕವು ಪೂರ್ತಿ ಸರಿ. ಅದು ಓರೆಯಾಗಿ ತೊಲೆಯೊಡನೆ 60 ಅಂಶದ ಕೋನವನ್ನುಂಟುಮಾಡಿದರೆ 180 ಇದ್ದುದು 156ಕ್ಕೆ ಇಳಿಯುವುದು. 30 ಅಂಶವಾದರೆ ಅರ್ಧವೇ ನಷ್ಟ.

ಮೋಟಾರಿನ ತಿರುಗುಬಲವನ್ನು ತಿಳಿಯಲು ಕುದುರೆಶಕ್ತಿಯನ್ನು 716ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಭಾಗಿಸತಕ್ಕದ್ದು. ನಿಮಿಷಕ್ಕೆ 1440 ಸುತ್ತು ತಿರುಗುವ 5 ಕುದುರೆಶಕ್ತಿಯ ಮೋಟಾರಿಗೆ ಇದು ಸುಮಾರು ಎರಡೂವರೆ ಕಿಲೋಗ್ರಾಂ-ಮೀಟರು ಮಾತ್ರ. ಎತ್ತಿನ ಜೋಡಿಯದು 180! ಆದರೆ ಎತ್ತುಗಳು ನಿಮಿಷಕ್ಕೆ ಎರಡೂವರೆ ಸುತ್ತು ಬಂದರೆ ಅವುಗಳ ಶಕ್ತಿಯು ಒಂದು ಕುದುರೆಶಕ್ತಿಯ ಮೂರನೆಯ ಎರಡು ಪಾಲಿಗೂ ಸ್ವಲ್ಪ ಕಡಿಮೆಯೇ. ಮೋಟಾರಿನ ಹೆಚ್ಚುಗಾರಿಕೆಯು ಅದರ ವೇಗದಲ್ಲಿದೆ. ಆ ವೇಗವನ್ನು ತಗ್ಗಿಸಿ ತಿರುಗುಬಲವನ್ನು ಹೆಚ್ಚಿಸಿಕೊಳ್ಳುವುದೇ ಗೇರು ಮತ್ತು ಪುಲ್ಲಿಗಳ ಕೆಲಸ.

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿದ್ದಿತು. ಆ ಕಾರ್ಖಾನೆಯು ಈಗ ಮುಚ್ಚಿಹೋಗಿದ್ದರೂ ಲೇತಿನ ಕೆಲಸವನ್ನು ಕಂಡವರು ನಮ್ಮ ಕಡೆ ಅನೇಕರಿದ್ದಾರೆ. ದಪ್ಪನೆಯ ಕಬ್ಬಿಣವನ್ನು ಕಡೆಯುವಾಗ ಉಳಿಯ ತಡೆಯು ಅಕ್ಷದಿಂದ ದೂರದಲ್ಲಿ ಬೀಳುವುದರಿಂದ, ಕೆಲಸಗಾರರು ಗೇರನ್ನು ಬದಲಿಸಿ ವೇಗವನ್ನು ತಗ್ಗಿಸುವರು.

ದಾವಣಗೆರೆಯ ಸುತ್ತಣ ಗ್ರಾಮಗಳಲ್ಲಿ ಹೇರಳವಾಗಿ ಬೆಳೆಯುವ ಮುಸುಕಿನ ಜೋಳದ ಕೊಯಿಲಿನ ಕಾಲದಲ್ಲಿ ಈ ತತ್ತ್ವವನ್ನು ಮರೆತರೆ ಹಾನಿಯುಂಟು. ಮೇಲಿನ ಮೋಟಾರಿಗೆ 10 ಸೆಂಟಿಮೀಟರಿನ ಪುಲ್ಲಿಯೂ, ಜೋಳ ಬಿಡಿಸುವ ಯಂತ್ರಕ್ಕೆ 20 ಸೆಂಟಿಮೀಟರಿನ ಪುಲ್ಲಿಯೂ ಇದ್ದರೆ, ಬೆಲ್ಟಿನ ಜಾರುವಿಕೆಯನ್ನು ಬಿಟ್ಟು, ಯಂತ್ರವು ನಿಮಿಷಕ್ಕೆ 720 ಸುತ್ತು ತಿರುಗಿ 5 ಕಿಲೋಗ್ರಾಂ-ಮೀಟರು ತಿರುಗುಬಲವನ್ನು ಪಡೆಯುವುದು. ಕೆಲಸವು ಬೇಗ ಮುಗಿಯಲೆಂದು ಯಂತ್ರದ ಪುಲ್ಲಿಯನ್ನು ತೆಗೆದು 15 ಸೆಂಟಿಮೀಟರಿನದನ್ನು ಹಾಕಿದರೆ ವೇಗವು 960 ಸುತ್ತಿಗೆ ಏರುವುದು ನಿಜ. ಆದರೆ ಯಂತ್ರಕ್ಕೆ ಅದೇ 5 ಕಿಲೋಗ್ರಾಂ-ಮೀಟರು ಬೇಕಾಗಿದ್ದರೆ, ಮೋಟಾರು ತನ್ನ ಎರಡೂವರೆಗೆ ಬದಲಾಗಿ 3.3 ಕಿಲೋಗ್ರಾಂ-ಮೀಟರನ್ನು ಕೊಡಬೇಕಾಗುವುದು. ಮೂರನೆಯ ಒಂದು ಪಾಲು ಹೆಚ್ಚಿದ ಈ ಹೊರೆಯನ್ನು ಹೊರಲು ಅದು ಹೆಚ್ಚು ವಿದ್ಯುತ್ತನ್ನು ಎಳೆದು, ಕಾದು, ಕಡೆಗೆ ಒಳಗಿನ ತಂತಿಯ ಸುತ್ತು ಸುಟ್ಟುಹೋಗುವುದು. ಅದನ್ನು ಸುತ್ತಿಸಿ ತರುವಷ್ಟರಲ್ಲಿ ಕಣದಲ್ಲಿ ತೆನೆಯು ಮಳೆಗೆ ಸಿಕ್ಕಬಹುದು.

ಆದುದರಿಂದ ಯಂತ್ರವನ್ನು ಕೊಳ್ಳುವಾಗ ಕುದುರೆಶಕ್ತಿ, ನಿಮಿಷದ ಸುತ್ತು, ಪುಲ್ಲಿಯ ಅಳತೆ ಈ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು. ತಯಾರಕರು ಗೊತ್ತುಮಾಡಿದ ಪುಲ್ಲಿಯನ್ನು ಲೆಕ್ಕ ಹಾಕದೆ ಬದಲಾಯಿಸಕೂಡದು. ಗ್ರಾಮದ ಮುಖಂಡರು ಈ ವಿಷಯವನ್ನು ಕೊಯಿಲಿಗೆ ಮುಂಚೆಯೇ ತಮ್ಮ ರೈತರಿಗೆ ತಿಳಿಯಹೇಳಿದರೆ ದೊಡ್ಡ ಉಪಕಾರವಾಗುವುದು.