ಎಡಗೈ ಮೇಲಿನ ನಕ್ಷತ್ರಪಟ

ದಟ್ಟ ಹಸಿರಿನ ನಡುವೆ ಒಂದು ಪೀಚ್ ಮರ. ಮಾಗಿದ ಹಣ್ಣಿಗೆ ಕೈ ಚಾಚುವ ಪುಟ್ಟ ಹುಡುಗಿ. ಮರಗಳಾಚೆ ಮೋಟಾರ್ ಬೈಕಿನ ಮೇಲೆ ಬಂದ ಗಂಡಸರು ಕುದುರೆಯೊಂದನ್ನು ಕೊಂದು ಕೊಯ್ಯುತ್ತಿದ್ದಾರೆ. ಹುಡುಗಿ ಓಡಿಹೋಗುವುದಿಲ್ಲ. ತೆವಳಿಕೊಂಡು ಹೋಗಿ ಬೈಕುಗಳ ಪೆಟ್ರೋಲ್ ಕೊಳವೆ ಕತ್ತರಿಸಲು ಕೂರುತ್ತಾಳೆ; ಸಿಕ್ಕಿಬೀಳುತ್ತಾಳೆ. ಜಾರ್ಜ್ ಮಿಲ್ಲರ್ ನಿರ್ದೇಶನದ ‘ಫ್ಯೂರಿಯೋಸಾ’ ಶುರುವಾಗುವುದು ಹೀಗೆ. ಹಸಿರು ಕಣ್ಣಿಗೆ ಒಗ್ಗುವಷ್ಟರಲ್ಲೇ ಮುಗಿದುಹೋಗುತ್ತದೆ. ಮುಂದೆ ಎರಡು ಗಂಟೆಗೂ ಮಿಕ್ಕಿ ಬರೀ ಮರಳು, ಧೂಳು, ಹೊಗೆ, ತುಕ್ಕುಗಬ್ಬಿಣ.

ಮಗಳನ್ನು ಹೊತ್ತೊಯ್ದವರ ಬೆನ್ನು ಹತ್ತುವ ತಾಯಿಯ ಆ ರಾತ್ರಿಯನ್ನು ನಾನು ಮರೆಯಲಾರೆ. ಮಾತಿಲ್ಲ, ಅಳುವಿಲ್ಲ. ಮರಳುದಿಣ್ಣೆಯ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು, ದೂರದಲ್ಲಿ ಓಡುವವರನ್ನು ಒಬ್ಬೊಬ್ಬರನ್ನಾಗಿ ಗುಂಡಿಟ್ಟು ಕೆಡವುತ್ತಾಳೆ. ಊರಿನ ದಾರಿ ಬಲ್ಲವನೊಬ್ಬ ಬದುಕುಳಿದರೂ ಊರೇ ಉಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ಮಗಳು ಕೈಗೆ ಸಿಗುತ್ತಾಳೆ, ಮತ್ತೆ ತಪ್ಪುತ್ತಾಳೆ. ತಾಯಿ ಸಾಯುವುದು ಮಗಳ ಕಣ್ಣೆದುರೇ. ಹುಡುಗಿಯ ಪಾಲಿಗೆ ಉಳಿಯುವುದು ತಾಯಿ ಕೊಟ್ಟ ಪೀಚ್ ಗೊರಟು ಮತ್ತು ಮನೆಗೆ ಹೇಗಾದರೂ ಮರಳುತ್ತೇನೆ ಎಂದು ಕೊಟ್ಟ ಮಾತು.

ಈ ಬಯಲು ಆಸ್ಟ್ರೇಲಿಯಾದ್ದು. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಕೂಡ ಅಲ್ಲಿಯೇ, ಬ್ರೋಕನ್ ಹಿಲ್ ಸುತ್ತಮುತ್ತ ತಯಾರಾಗಬೇಕಿತ್ತು. ಆದರೆ ಅಪರೂಪದ ಮಳೆ ಸುರಿದು ಮರುಭೂಮಿಯ ತುಂಬ ಹೂವರಳಿತು. ಲೋಕ ಸುಟ್ಟು ಬೂದಿಯಾದ ಕಥೆಯನ್ನು ಹೂವಿನ ನಡುವೆ ತೆಗೆಯುವುದಾದರೂ ಹೇಗೆ? ತಂಡ ಆಫ್ರಿಕಾದ ನಮೀಬಿಯಾಕ್ಕೆ ಹೋಯಿತು. ಅದರ ನಾಯಕಿಯ ಹಿಂದಿನ ಕಥೆ ಹೇಳುವ ‘ಫ್ಯೂರಿಯೋಸಾ’ಕ್ಕಾಗಿ ಮಿಲ್ಲರ್ ಮತ್ತೆ ನ್ಯೂ ಸೌತ್ ವೇಲ್ಸ್‌ಗೆ ಬಂದರು. ಸಿಡ್ನಿಯ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದು 1979ರಲ್ಲಿ ಮೊದಲ ‘ಮ್ಯಾಡ್ ಮ್ಯಾಕ್ಸ್’ ತೆಗೆದ ಇವರಿಗೆ ಈ ಚಿತ್ರ 2024ರಲ್ಲಿ ತೆರೆಕಂಡಾಗ ಎಪ್ಪತ್ತೊಂಬತ್ತು ವಯಸ್ಸು.

ಚಿತ್ರ ಮುಗಿಸಿ ಹೊರಬರುವಾಗ ನನ್ನ ಹಿಂದಿದ್ದ ಹುಡುಗರು ಮಾತಾಡಿಕೊಳ್ಳುತ್ತಿದ್ದರು: “ಅವಳು ಸಾಯಲ್ಲ ಅಂತ ಮೊದಲೇ ಗೊತ್ತು, ಇನ್ನೇನಿದೆ ಮಜಾ?” ಈ ಆಕ್ಷೇಪ ಹಲವರದು. ನಾನು ಒಪ್ಪುವುದಿಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎಂದು ಗೊತ್ತಿದ್ದೇ ನಮ್ಮ ಜನ ಬೆಳಗಿನ ಜಾವದವರೆಗೆ ಆಟ ನೋಡುತ್ತಾರೆ. ಮಿಲ್ಲರ್ ಕೂಡ ನಮಗೆ ಗೊತ್ತಿರುವುದನ್ನು ಮುಚ್ಚಿಡಲು ಹೋಗುವುದಿಲ್ಲ; ಅದನ್ನೇ ಹಿಡಿದು ನಮ್ಮನ್ನು ಕಾಡುತ್ತಾರೆ.

ಹೇಗೆಂದರೆ, ‘ಫ್ಯೂರಿ ರೋಡ್’ನಲ್ಲಿ ಚಾರ್ಲೀಸ್ ಥೆರಾನ್ ಮಾಡಿದ ಫ್ಯೂರಿಯೋಸಾಗೆ ಎಡಗೈ ಇಲ್ಲ, ಅಲ್ಲೊಂದು ಕಬ್ಬಿಣದ ಕೈಯಿದೆ. ಅದು ಹೋದದ್ದು ಹೇಗೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಇಲ್ಲಿ ಹುಡುಗಿ ಮನೆಯ ದಾರಿ ಮರೆಯಬಾರದೆಂದು ನಕ್ಷತ್ರಗಳ ನಕ್ಷೆಯನ್ನು ಚುಕ್ಕಿ ಚುಕ್ಕಿಯಾಗಿ ಹಚ್ಚೆ ಹಾಕಿಕೊಳ್ಳುವುದು ಅದೇ ಎಡಗೈ ಮೇಲೆ! ಹಚ್ಚೆ ಕಂಡ ಕ್ಷಣವೇ ಎದೆ ಧಸಕ್ಕೆಂದಿತು. ಅಲ್ಲಿಂದ ಮುಂದೆ ಅವಳು ಸ್ಟೀರಿಂಗ್ ಹಿಡಿಯಲಿ, ಟ್ಯಾಂಕರಿನ ಅಡಿಯಲ್ಲಿ ಜೋತಾಡಲಿ, ನನ್ನ ಕಣ್ಣು ಆ ಕೈ ಬಿಟ್ಟು ಕದಲಲಿಲ್ಲ. ಕೊನೆಗೆ ಜಜ್ಜಿಹೋದ ಆ ಕೈಗೆ ಸರಪಳಿ ಬಿಗಿದು ಅವಳನ್ನು ತೂಗುಹಾಕುತ್ತಾರೆ. ತಪ್ಪಿಸಿಕೊಳ್ಳಲು ಅವಳು ಕೈಯನ್ನೇ ಕಡಿದುಕೊಳ್ಳುತ್ತಾಳೆ. ಜೀವ ಉಳಿಯಿತು, ಮನೆಯ ದಾರಿ ಸರಪಳಿಯಲ್ಲೇ ನೇತಾಡುತ್ತ ಉಳಿಯಿತು.

ಹೊಡೆದಾಟದ ಪ್ರಿಯರಿಗೆ ಮಧ್ಯದ ಟ್ಯಾಂಕರ್ ಕಾಳಗವಿದೆ. ಬೆಳ್ಳಿಯಂತೆ ಹೊಳೆಯುವ ಟ್ಯಾಂಕರ್ ನಾಗಾಲೋಟದಲ್ಲಿದ್ದಾಗ ಪ್ಯಾರಾಚೂಟ್ ಕಟ್ಟಿಕೊಂಡ ಲೂಟಿಕೋರರು ಆಕಾಶದಿಂದ ಎರಗುತ್ತಾರೆ. ಹದಿನೈದು ನಿಮಿಷದ ಈ ಭಾಗಕ್ಕೆ 78 ದಿನದ ಚಿತ್ರೀಕರಣ ಹಿಡಿಯಿತಂತೆ. ನನಗೆ ಇಷ್ಟವಾದದ್ದು ಕೇವಲ ಅದರ ರಭಸವಲ್ಲ. ಆ ಗದ್ದಲದ ನಡುವೆಯೇ ಅವಳಿಗೂ ಚಾಲಕ ಜ್ಯಾಕ್‌ಗೂ ಪರಸ್ಪರ ನಂಬಿಕೆ ಹುಟ್ಟುತ್ತದೆ, ಅದೂ ಮಾತೇ ಇಲ್ಲದೆ. ಬೆಳೆದ ಫ್ಯೂರಿಯೋಸಾ ಆಗಿರುವ ಅನ್ಯಾ ಟೇಲರ್-ಜಾಯ್‌ಗೆ ಇಡೀ ಚಿತ್ರದಲ್ಲಿ ಸಿಗುವ ಮಾತುಗಳೇ ಬೆರಳೆಣಿಕೆಯಷ್ಟು. ಮಸಿ ಬಳಿದ ಹಣೆಯ ಕೆಳಗಿನ ಆ ಎರಡು ಕಣ್ಣುಗಳೇ ಎಲ್ಲವನ್ನೂ ಹೇಳುತ್ತವೆ. ಬಾಲ್ಯದ ಫ್ಯೂರಿಯೋಸಾ ಆಗಿರುವ ಅಲೈಲಾ ಬ್ರೌನ್ ಅವಳಿಗಿಂತ ಒಂದು ಕೈ ಮೇಲು ಎಂದೇ ನನ್ನ ಅನಿಸಿಕೆ.

ಕ್ರಿಸ್ ಹೆಮ್ಸ್‌ವರ್ತ್ ಅವಳ ತಾಯಿಯನ್ನು ಕೊಲ್ಲಿಸಿದ ಖಳ ಡಿಮೆಂಟಸ್ ಆಗಿದ್ದಾರೆ. ಮೂರು ಮೋಟಾರ್ ಬೈಕ್ ಹೂಡಿದ ರಥ, ಹಾರುವ ಮೇಲುಹೊದಿಕೆ, ಮೈಗೆ ಕಟ್ಟಿಕೊಂಡ ಹಳೆಯ ಕರಡಿ ಗೊಂಬೆ. ಆ ಗೊಂಬೆ ಅವನು ಕಳೆದುಕೊಂಡ ಮಕ್ಕಳದ್ದು. ದುಃಖ ಅವನನ್ನೂ ತಿಂದಿದೆ. ಆದರೆ ಅವನು ಅದನ್ನು ಊರೂರಿಗೆ ಹಂಚುತ್ತ ಹೋಗುತ್ತಾನೆ, ಪೆಟ್ರೋಲ್ ಇರುವ ಊರು ಗೆದ್ದು ಅದನ್ನೂ ಆಳಲಾರದೆ ಹಾಳುಗೆಡವುತ್ತಾನೆ. ಕೊನೆಯಲ್ಲಿ ಅವನೂ ಫ್ಯೂರಿಯೋಸಾಳೂ ಮರಳಿನ ಮೇಲೆ ಮುಖಾಮುಖಿಯಾದಾಗ ಮಿಲ್ಲರ್ ಹೊಡೆದಾಟ ಇಡುವುದಿಲ್ಲ, ಮಾತು ಇಡುತ್ತಾರೆ. ತಾಯಿಯನ್ನೂ ಬಾಲ್ಯವನ್ನೂ ಮರಳಿ ಕೊಡು ಎಂದು ಅವಳು ಕೇಳುತ್ತಾಳೆ. ಯಾರೂ ಕೊಡಲಾಗದ್ದನ್ನು ಕೇಳುವ ಆ ಹಟ ನನ್ನನ್ನು ತೀರಾ ಕಲಕಿತು. ಅದಕ್ಕೂ ಮೊದಲು ನಡೆಯುವ ನಲವತ್ತು ದಿನದ ಯುದ್ಧವನ್ನು ಕೆಲವೇ ಚಿತ್ರಗಳಲ್ಲಿ ದಾಟಿಸಿ ಈ ಮಾತಿಗೆ ಇಷ್ಟು ಹೊತ್ತು ಕೊಟ್ಟದ್ದು ಸರಿಯಾದ ಆಯ್ಕೆ.

ಕೊರತೆಗಳಿವೆ. ಕೆಲವು ದೂರದ ದೃಶ್ಯಗಳಲ್ಲಿ ಕಂಪ್ಯೂಟರಿನ ಕೈವಾಡ ಎದ್ದು ಕಾಣುತ್ತದೆ. ನಮೀಬಿಯಾದ ಧೂಳು ಗಂಟಲಿಗೇ ಇಳಿಯುವಂತಿತ್ತು, ಇಲ್ಲಿನ ಧೂಳು ಕೆಲವೆಡೆ ತೊಳೆದಿಟ್ಟಂತಿದೆ. ಐದು ಅಧ್ಯಾಯಗಳ ಹಂಚಿಕೆಯಿಂದ ಓಟ ಆಗಾಗ ಮುಗ್ಗರಿಸುತ್ತದೆ. ಸುಮಾರು 16.8 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಅದಕ್ಕಿಂತ ತುಸುವೇ ಹೆಚ್ಚು. ಚಿತ್ರಮಂದಿರದವರ ಪಾಲು ಕಳೆದರೆ ನಷ್ಟವೇ. ಬೇಸರವಾಗುತ್ತದೆ, ಏಕೆಂದರೆ ಹಿಂಕಥೆಗಳಲ್ಲಿ ಹೆಚ್ಚಿನವು ಹಳೆಯ ಹೆಸರಿನ ಮೇಲೆ ಹೊಸ ಟಿಕೆಟ್ ಮಾರುವ ಕೆಲಸ ಮಾಡುತ್ತವೆ. ಇದು ಹಾಗಲ್ಲ.

ಹಾಗಲ್ಲ ಎಂದು ಖಚಿತವಾದದ್ದು ಮನೆಗೆ ಬಂದು ‘ಫ್ಯೂರಿ ರೋಡ್’ ಮತ್ತೆ ಹಾಕಿಕೊಂಡು ಕೂತಾಗ. ಫ್ಯೂರಿಯೋಸಾ ಕೊನೆಗೂ ತನ್ನವರನ್ನು ಸೇರುತ್ತಾಳೆ. ಆ ಮುದುಕಿಯರು ಹೇಳುತ್ತಾರೆ: ನೆಲ ವಿಷವಾಯಿತು, ಹಸಿರೂರು ಈಗಿಲ್ಲ, ನೀನು ದಾಟಿ ಬಂದ ಕಾಗೆಗಳ ಜೌಗೇ ಅದು. ಅವಳು ಮರಳಿನಲ್ಲಿ ಒಂದಷ್ಟು ದೂರ ನಡೆದು, ಕಬ್ಬಿಣದ ಕೈ ಕಳಚಿ ಬಿಸಾಡಿ, ಮಂಡಿಯೂರಿ ಚೀರುತ್ತಾಳೆ. ಮೊದಲು ನೋಡಿದಾಗ ಅದು ನಿರಾಶೆಯ ಕೂಗು ಅಷ್ಟೇ ಅನಿಸಿತ್ತು. ಕೈ ಕಳಚುವುದೇಕೆ ಎಂದು ಕೇಳಿಕೊಂಡೂ ಇರಲಿಲ್ಲ. ಈಗ ಆ ಕೈ ಜಾಗದಲ್ಲಿ ಒಂದು ಕಾಲದಲ್ಲಿ ಮನೆಯ ದಾರಿ ಇತ್ತೆಂದು ಗೊತ್ತು; ಆ ದಾರಿಯ ಕೊನೆಯಲ್ಲಿದ್ದ ಮನೆಯೂ ಇಲ್ಲವೆಂದು ಅವಳಿಗೆ ತಿಳಿಯುವ ಗಳಿಗೆ ಇದು. ಒಂಬತ್ತು ವರ್ಷ ಹಳೆಯ ದೃಶ್ಯಕ್ಕೆ ಒಂದು ಚೌಕಟ್ಟನ್ನೂ ಬದಲಿಸದೆ ಇಷ್ಟು ಭಾರ ತುಂಬಿದ್ದಾರೆ ಮಿಲ್ಲರ್.

ಎರಡನ್ನೂ ನೋಡದವರು ಕಥೆಯ ಕಾಲಕ್ರಮ ಹಿಡಿದು ಹೊರಡಬೇಡಿ. ಮೊದಲು ‘ಫ್ಯೂರಿ ರೋಡ್’, ಆಮೇಲೆ ‘ಫ್ಯೂರಿಯೋಸಾ’, ಆಮೇಲೆ ಬಿಡುವು ಮಾಡಿಕೊಂಡು ‘ಫ್ಯೂರಿ ರೋಡ್’ ಇನ್ನೊಮ್ಮೆ.