ಏಳುನೂರು ರೂಪಾಯಿಯ ಮಾಲಿ, ಅಮ್ಮನ ಮಲ್ಲಿಗೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಾಡುವಾಗ ಲೆಕ್ಕಗಳು ಸ್ವಲ್ಪ ಓಡಿಹೋದವು ಅನ್ನಿಸಿತು, ಅದಕ್ಕೆ ಅವನ್ನು ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಮೇಡಂ, ಪುಣೆಯಲ್ಲಿ ಮಾಲಿಗೆ ಎಷ್ಟು ಕೊಡಬೇಕು?" ನಾನು ಮೊದಲು ಕೊಡ್ತಿದ್ದದ್ದು ತಿಂಗಳಿಗೆ 700. ಈಗ ಕೊಡ್ತಿರೋದು 1,200. ಮೊದಲಿನವರು ದಿನಾ ಬರ್ತಿದ್ರು, ಈಗಿನವರು ವಾರಕ್ಕೆ ಒಂದೇ ದಿನ ಬರ್ತಾರೆ. ಕೇಳೋಕೆ ವಿಚಿತ್ರ, ಅಲ್ವಾ? ದಿನಾ ಬರುವವರಿಗೆ ಕಡಿಮೆ, ವಾರಕ್ಕೊಮ್ಮೆ ಬರುವವರಿಗೆ ಹೆಚ್ಚು. ಇದು ಹೇಗೆ ಸರಿ ಅನ್ನೋದು ನನಗೆ ಒಂದು ಗಿಡ ಕಳೆದುಕೊಂಡ ಮೇಲೆ ಗೊತ್ತಾಯ್ತು.

ನಮ್ಮದು ಉಡುಪಿ ಹತ್ತಿರದ ಊರು. ಮದುವೆಯಾಗಿ ಪುಣೆಗೆ ಬಂದು 19 ವರ್ಷ ಆಯ್ತು. ಅಮ್ಮ ತೀರಿಕೊಂಡ ವರ್ಷ ಊರಿನ ಅಂಗಳದಿಂದ ಒಂದು ಶಂಕರಪುರ ಮಲ್ಲಿಗೆ ಗಿಡ ತಂದಿದ್ದೆ. ಬಸ್ಸಿನಲ್ಲಿ ರಾತ್ರಿಯಿಡೀ ಕಾಲಿನ ಹತ್ತಿರ ಇಟ್ಟುಕೊಂಡು ಬಂದ ಗಿಡ ಅದು. ಆಮೇಲೆ ಊರ ಮನೆ ಮಾರಿದೆವು. ಕೊಂಡವರು ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದರು. ಅಲ್ಲಿಗೆ, ಹೋಗಿ ಇನ್ನೊಂದು ಗಿಡ ತರುವ ದಾರಿ ಮುಗಿಯಿತು.

ಬಾಲ್ಕನಿಯಲ್ಲಿ ಇಪ್ಪತ್ತೆರಡು ಕುಂಡ ಆದಾಗ, ಕೆಲಸಕ್ಕೂ ಹೋಗಿ ಇದನ್ನೂ ನೋಡಿಕೊಳ್ಳೋಕೆ ಆಗ್ತಿಲ್ಲ ಅಂತ ಒಬ್ಬ ಮಾಲಿಯನ್ನು ಇಟ್ಟುಕೊಂಡೆ. ಪಕ್ಕದ ವಿಂಗ್‌ನಲ್ಲಿ ಬರುವವರೇ. ಮೊದಲ ದಿನ ಅವರು ಬಂದು ಎಲ್ಲ ನೋಡಿ ಮರಾಠಿಯಲ್ಲಿ, "ತಾಯಿ, ಕುಂಡಿ ಚಿಕ್ಕದಾಯ್ತು, ಬದಲಾಯಿಸಬೇಕು" ಅಂದರು. ಊರಿಂದ ಬಂದಿದ್ದ ನಮ್ಮ ಅತ್ತೆ ಒಳಗಿಂದ ಸೆರಗು ಬಾಯಿಗಿಟ್ಟುಕೊಂಡು ನಗ್ತಿದ್ರು. ಮರಾಠಿಯಲ್ಲಿ ಕುಂಡಿ ಅಂದ್ರೆ ಗಿಡದ ಕುಂಡ. ಪುಣೆ ಮುಂಬೈನ ಪ್ರತಿ ಕನ್ನಡದ ಮನೆಯಲ್ಲೂ ಈ ಜೋಕ್ ಒಂದು ಸಲ ಆಗಿಯೇ ಇರುತ್ತೆ.

ಈಗ 700ರ ಲೆಕ್ಕ ನೋಡಿ. ಭಾನುವಾರ ಬಿಟ್ಟರೆ ತಿಂಗಳಿಗೆ 26 ದಿನ. ಒಂದು ಸಲ ಬಂದು ಹೋಗೋಕೆ ಅವರಿಗೆ ಸಿಗೋದು 27 ರೂಪಾಯಿ. ಪುಣೆಯಲ್ಲಿ ರೂಮು ಬಾಡಿಗೆ ಕೊಟ್ಟು ಊರಿಗೂ ಕಳಿಸಬೇಕಾದರೆ ಇಪ್ಪತ್ತು ಸಾವಿರ ಆದರೂ ಬೇಕು. ಅಂದ್ರೆ ಇಂಥ 30 ಮನೆ ಹಿಡಿಯಬೇಕು. ದಿನಕ್ಕೆ ಎಂಟು ಗಂಟೆ ದುಡಿದರೆ ಒಂದು ಮನೆಗೆ ಬರೋದು 16 ನಿಮಿಷ. ಅದರಲ್ಲಿ ಲಿಫ್ಟ್‌ಗೆ ಕಾಯೋದು, ಗೇಟಿನ ಆ್ಯಪ್‌ನಲ್ಲಿ ಎಂಟ್ರಿ ಮಾಡಿಸೋದು, ಬೆಲ್ ಒತ್ತಿ ನಾವು ಬಾಗಿಲು ತೆಗೆಯುವವರೆಗೆ ನಿಲ್ಲೋದು ಕಳೆದರೆ ಉಳಿಯೋದು ಒಂಬತ್ತೋ ಹತ್ತೋ ನಿಮಿಷ. ಹತ್ತು ನಿಮಿಷದಲ್ಲಿ ಇಪ್ಪತ್ತೆರಡು ಕುಂಡಕ್ಕೆ ಏನು ಮಾಡಬಹುದು? ಪೈಪ್ ಹಿಡಿದು ನೀರು ಬಿಡಬಹುದು, ಅಷ್ಟೇ.

ಅವರು ಅದನ್ನೇ ಮಾಡಿದರು. ದಿನಾ, ಎಲ್ಲಾ ಕುಂಡಕ್ಕೂ, ಒಂದೇ ಅಳತೆಯಲ್ಲಿ ನೀರು. ಜೂನ್ ಬಂತು, ಮಳೆ ಹಿಡಿಯಿತು, ಆಗಲೂ ನೀರು. ಜುಲೈ ಕೊನೆಗೆ ಮಲ್ಲಿಗೆಯ ಎಲೆ ಹಳದಿ ತಿರುಗಿ ಜೋತುಬಿತ್ತು. ಬಾಯಾರಿದ ಗಿಡದ ಹಾಗೇ ಕಾಣ್ತಿತ್ತು. ನಾನೇ ಸಂಜೆ ಇನ್ನೊಂದು ಚೊಂಬು ನೀರು ಹಾಕಿದೆ. ಇಲ್ಲೇ ಎಲ್ಲರೂ ಮೋಸ ಹೋಗೋದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಬೇರು ಉಸಿರುಗಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆದುಕೊಳ್ಳೋದಿಲ್ಲ. ಹಾಗಾಗಿ ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತೆ. ನಾವು ಬಾಡಿದ ಎಲೆ ನೋಡಿ ಇನ್ನಷ್ಟು ನೀರು ಸುರೀತೀವಿ. ಆಗಸ್ಟ್ ಹೊತ್ತಿಗೆ ಗಿಡ ಹೋಯ್ತು.

ಆ ಮಾಲಿಯ ಮೇಲೆ ನಾನು ತುಂಬಾ ರೇಗಾಡಿದೆ, ಕೆಲಸ ಬಿಡಿಸಿದೆ. ಅವರು ಏನೂ ಹೇಳಲಿಲ್ಲ, ಹತ್ತು ದಿನದ ಬಾಕಿ ಕೇಳಿ ತಗೊಂಡು ಹೋದರು. ಇವತ್ತು ಯೋಚಿಸಿದರೆ, 27 ರೂಪಾಯಿಗೆ ಎಷ್ಟು ಕೆಲಸ ಆಗಬೇಕೋ ಅಷ್ಟನ್ನು ಅವರು ಒಂದು ದಿನವೂ ತಪ್ಪಿಸದೆ ಮಾಡಿದ್ದರು.

ಎರಡನೆಯವರು ಸಿಕ್ಕಿದ್ದು ಆಕಸ್ಮಿಕ. ಕೆಳಗಿನ ಗಾರ್ಡನ್‌ನಲ್ಲಿ ಫೋನಿನಲ್ಲಿ ಯಾರ ಜೊತೆಗೋ ಕನ್ನಡದಲ್ಲಿ ಜಗಳ ಆಡ್ತಿದ್ರು. ಅಕ್ಕಲಕೋಟೆ ಕಡೆಯವರು. ಮೇಲೆ ಬಂದವರು ಗಿಡ ನೋಡುವ ಮೊದಲು ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳಿದರು. ಆಮೇಲೆ ಮಣ್ಣಿಗೆ ಬೆರಳು ಹಾಕಿದರು. ಕೊನೆಗೆ ಸತ್ತ ಮಲ್ಲಿಗೆಯ ಕುಂಡ ಎತ್ತಿ ಅಡಿ ನೋಡಿದರು.

"ತೂತ ಮುಚ್ಚೇತ್ರಿ ಅಕ್ಕಾರ. ನೀರ ಹೋಗಾಕ ದಾರಿನೇ ಇಲ್ಲ. ಮತ್ತ ಈ ಮಣ್ಣ ಜೋಳಕ್ಕ ಚಲೋ ರೀ, ಮಲ್ಲಿಗೀಗಲ್ಲ."

ಕರಾವಳಿಯ ಜಂಬಿಟ್ಟಿಗೆಯ ಮಣ್ಣಿನಲ್ಲಿ ಎಷ್ಟು ಮಳೆ ಸುರಿದರೂ ನೀರು ಇಳಿದುಹೋಗುತ್ತೆ. ಪುಣೆ ಸುತ್ತಮುತ್ತ ಸಿಗುವ ಕಪ್ಪು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ, ಒಣಗಿದಾಗ ಬಿರುಕು ಬಿಡುತ್ತೆ. ನಾನು ಗಿಡ ತಂದೆ, ಅದಕ್ಕೆ ಒಗ್ಗುವ ಮಣ್ಣನ್ನು ಮಾಡಿಕೊಡಲಿಲ್ಲ. ಮೊದಲ ಭೇಟಿಯಲ್ಲಿ ಕುಂಡ ಎತ್ತಿ ತೂತು ನೋಡುವ ಮಾಲಿ ಸಿಕ್ಕರೆ ಬಿಡಬೇಡಿ. ಆನ್‌ಲೈನ್ ರೇಟಿಂಗ್‌ಗಿಂತ ಅದು ನಂಬೋ ವಿಷಯ.

ಅವರು ಹೇಳಿದ ರೇಟು 1,200. ವಾರಕ್ಕೊಮ್ಮೆ, ಒಂದು ಗಂಟೆ. ನಾನು 900ಕ್ಕೆ ಚೌಕಾಸಿ ಮಾಡಿದೆ, ದಿನಾ ಬಂದು ನೀರೂ ಹಾಕಿ ಅಂದೆ. "ನೀರ ನೀವ ಹಾಕ್ರಿ, ಅದಕ್ಕ ನನಗ್ಯಾಕ ರೊಕ್ಕ ಕೊಡ್ತೀರಿ" ಅಂತ ನಕ್ಕು, ಅಲ್ಲೇ ಲೆಕ್ಕ ಹೇಳಿದರು. ದಿನಕ್ಕೆ ನಾಲ್ಕು ಮನೆ, ವಾರಕ್ಕೆ 24. 1,200ರಂತೆ ತಿಂಗಳಿಗೆ 28,800. ಪೆಟ್ರೋಲು, ಗಾಡಿ ರಿಪೇರಿ, ಕತ್ತರಿ, ಖುರ್ಪಿ, ರೂಮು ಬಾಡಿಗೆ, ಮನೆಯವರು ಫೋನ್ ಮಾಡಿ "ಈ ವಾರ ಊರಿಗೆ ಹೋಗ್ತಿದ್ದೀವಿ, ಬರಬೇಡಿ" ಅಂದಾಗ ತಪ್ಪುವ ದುಡ್ಡು, ಎಲ್ಲಾ ಅದರಲ್ಲೇ. 900 ಆದರೆ ಇಪ್ಪತ್ತೊಂದೂವರೆ ಸಾವಿರ, ಆಗ ಐದನೆಯ ಮನೆ ಹಿಡಿಯಬೇಕು, ಐದನೆಯದು ಹಿಡಿದರೆ ಗಂಟೆ ಮುಕ್ಕಾಲು ಗಂಟೆಯಾಗುತ್ತೆ. ನಾನು 1,200ಕ್ಕೆ ಒಪ್ಪಿದೆ.

ಈ ಒಂದು ಗಂಟೆಯಲ್ಲಿ ಏನು ಆಗಬೇಕು ಅನ್ನೋದನ್ನ ಮೊದಲೇ ಮಾತಾಡಿಕೊಳ್ಳಿ. ಮಣ್ಣು ಸಡಿಲ ಮಾಡೋದು, ಒಣಗಿದ್ದು ಕತ್ತರಿಸೋದು, ಎಲೆಯ ಹಿಂಭಾಗದಲ್ಲಿ ಹುಳ ನೋಡೋದು, ತಿಂಗಳಿಗೊಮ್ಮೆ ಗೊಬ್ಬರ. ಕುಂಡ ಬದಲಾಯಿಸೋದು ಬೇರೆ ಕೆಲಸ, ಅದಕ್ಕೆ ಬೇರೆ ದುಡ್ಡು. ಕಸ ಯಾರು ಕೆಳಗೆ ಒಯ್ಯಬೇಕು ಅನ್ನೋದೂ ಕೇಳಿ, ಜಗಳ ಶುರುವಾಗೋದು ಬಹಳ ಸಲ ಅಲ್ಲೇ. ತಿಂಗಳ ಮಾತು ಬೇಡ, ಒಂದು ಸಲ ಬಂದು ಎಲ್ಲ ಸರಿ ಮಾಡಿಕೊಟ್ಟು ಹೋಗಿ ಅಂದರೆ ನಮ್ಮ ಕಡೆ 500ರಿಂದ 800 ಕೇಳ್ತಾರೆ. ನಿಮ್ಮ ಊರಲ್ಲಿ ಅಂಕಿ ಬೇರೆ ಇರಬಹುದು, ದೆಹಲಿಯ ಹುಲ್ಲುಹಾಸಿನ ಮನೆಗೂ ಮುಂಬೈನ ಕಿಟಕಿ ಗ್ರಿಲ್‌ಗೂ ಹೋಲಿಕೆ ಇಲ್ಲ. ಆದರೆ ಮನೆಗೆಷ್ಟು ನಿಮಿಷ ಅನ್ನೋ ಲೆಕ್ಕ ಎಲ್ಲಿ ಬೇಕಾದರೂ ಹಾಕಬಹುದು. ಅಂದಹಾಗೆ ಮುಂಬೈಯವರೇ, 12 ಇಂಚಿನ ಒಂದು ಕುಂಡ ನೆನೆದ ಮಣ್ಣಿನೊಂದಿಗೆ 20-25 ಕೆಜಿ ತೂಗುತ್ತೆ. ಗ್ರಿಲ್‌ನಲ್ಲಿ ಎಂಟು ಇಟ್ಟರೆ ಹತ್ತಿರ ಹತ್ತಿರ ಎರಡು ಕ್ವಿಂಟಾಲ್. ಕೆಳಗೆ ಜನ ನಡೀತಾರೆ.

ಸಾಮಾನಿನ ದುಡ್ಡು ಬೇರೆ ಕಥೆ. ಮಾಲಿ ತರುವ ಮಣ್ಣು, ಗಿಡ, ಗೊಬ್ಬರದಲ್ಲಿ ಅವರಿಗೆ ಸ್ವಲ್ಪ ಸಿಗುತ್ತೆ. ಅದನ್ನು ಕಳ್ಳತನ ಅಂತ ನೋಡಬೇಡಿ, ಹೊತ್ತು ತರೋದೂ ಕೆಲಸವೇ. ಬೇಡ ಅನ್ನಿಸಿದರೆ ನೀವೇ ತನ್ನಿ. ಪುಣೆಯವರಿಗೆ ಸೋಲಾಪುರ ರಸ್ತೆಯಲ್ಲಿ ಹಡಪ್ಸರ್ ದಾಟಿ ಉರುಳಿ ಕಾಂಚನ್‌ವರೆಗೆ ಸಾಲು ಸಾಲು ನರ್ಸರಿಗಳಿವೆ. ಕೋಕೋಪೀಟ್‌ನ 5 ಕೆಜಿ ಇಟ್ಟಿಗೆ ತಂದು ನೀರಲ್ಲಿ ನೆನೆಸಿದರೆ ಉಬ್ಬಿ 60 ಲೀಟರ್‌ಗೂ ಮೇಲಾಗುತ್ತೆ. ಅದರಲ್ಲಿ ಗಿಡಕ್ಕೆ ಬೇಕಾದ ಸತ್ವ ಹೆಚ್ಚೇನಿಲ್ಲ, ಗೊಬ್ಬರ ಬೆರೆಸಲೇಬೇಕು. ಔಷಧಿ ಹೊಡೆಯುವುದಾದರೆ ಮಾತ್ರ ಬಾಟಲಿ ಕೇಳಿ ನೋಡಿ. ನಮ್ಮ ದೇಶದ ಕೀಟನಾಶಕಗಳ ಲೇಬಲ್ ಮೇಲೆ ಬಣ್ಣದ ತ್ರಿಕೋನ ಇರುತ್ತೆ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ತುಳಸಿ, ಕರಿಬೇವು ಇರುವ ಬಾಲ್ಕನಿಗೆ ಕೆಂಪು ಹಳದಿ ತರಿಸಲೇಬೇಡಿ. ಲೇಬಲ್ ಇಲ್ಲದ ಬಾಟಲಿಯಲ್ಲಿ ತಂದರೆ ವಾಪಸ್ ಕಳಿಸಿ.

ಈಗ ದೊಡ್ಡ ಖರ್ಚಿನ ವಿಷಯ, ಲ್ಯಾಂಡ್‌ಸ್ಕೇಪಿಂಗ್. ಇದು ನನ್ನ ಮನೆಯದಲ್ಲ, ನಮ್ಮ ಸೊಸೈಟಿಯದು. ತಾರಸಿಯ ಮೇಲೆ 600 ಚದರಡಿ ಹುಲ್ಲುಹಾಸು ಮಾಡಿಸೋಣ ಅಂತ ಮೂರು ಕೊಟೇಶನ್ ತರಿಸಿದೆವು. 62 ಸಾವಿರ, ಒಂದು ಲಕ್ಷ ಹತ್ತು ಸಾವಿರ, ಒಂದು ಲಕ್ಷ ನಲವತ್ತೈದು ಸಾವಿರ. ಮೀಟಿಂಗ್‌ನಲ್ಲಿ 62ಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಮೂರೂ ಕಾಗದವನ್ನು ಪಕ್ಕಪಕ್ಕ ಇಟ್ಟು ಯಾರೂ ಓದಲಿಲ್ಲ. ದುಬಾರಿ ಎರಡರಲ್ಲಿ ವಾಟರ್‌ಪ್ರೂಫಿಂಗ್, ನೀರು ಹರಿಯುವ ಡ್ರೈನೇಜ್ ಪದರ, ಬೇರು ಕೆಳಗಿಳಿಯದ ಹಾಗೆ ಶೀಟು ಅಂತ ಸಾಲುಗಳಿದ್ದವು. ಅಗ್ಗದ್ದರಲ್ಲಿ ಮಣ್ಣು, ಹುಲ್ಲು, ಕೂಲಿ ಅಷ್ಟೇ ಇತ್ತು.

ತೂಕದ ಲೆಕ್ಕ ನಾನು ಆಮೇಲೆ ಕಲಿತದ್ದು. ನಾಲ್ಕು ಇಂಚು ಮಣ್ಣು ಅಂದರೆ ಚದರ ಮೀಟರಿಗೆ 100 ಲೀಟರ್. ಮಳೆಯಲ್ಲಿ ನೆನೆದರೆ 170 ಕೆಜಿಗೂ ಮೇಲೆ. ಜನ ಓಡಾಡುವ ತಾರಸಿಗೆ ಐಎಸ್ 875 ಮಾನಕದಲ್ಲಿ ಲೆಕ್ಕಕ್ಕೆ ಹಿಡಿಯೋದು ಚದರ ಮೀಟರಿಗೆ ಸುಮಾರು 150 ಕೆಜಿ. ಅಂದರೆ ಜನ ಹತ್ತುವ ಮೊದಲೇ ಲೆಕ್ಕ ಮೀರಿತು. 600 ಚದರಡಿಗೆ ಒಟ್ಟು ಹತ್ತಿರ ಹತ್ತು ಟನ್. ತೋಟಕ್ಕೆಂದೇ ಕಟ್ಟಿದ ಪೋಡಿಯಂ ಆದರೆ ಬೇರೆ ಮಾತು. ಹಳೆಯ ತಾರಸಿಗೆ ಸ್ಟ್ರಕ್ಚರಲ್ ಇಂಜಿನಿಯರ್ ಕಾಗದದಲ್ಲಿ ಬರೆದುಕೊಡದೆ ಒಂದು ಬುಟ್ಟಿ ಮಣ್ಣನ್ನೂ ಹಾಕಿಸಬೇಡಿ.

ಎರಡನೆಯ ಮಳೆಗಾಲಕ್ಕೆ ಮೇಲಿನ ಮಹಡಿಯ ಮನೆಯ ಸೀಲಿಂಗ್ ಸೋರಿತು. ಅಲ್ಲಿದ್ದದ್ದು ಎಂಬತ್ತು ದಾಟಿದ ಒಬ್ಬ ಅಜ್ಜಿ, ಮಂಚವನ್ನು ಹಾಲ್‌ಗೆ ಎಳೆದು ಎರಡು ತಿಂಗಳು ಅಲ್ಲೇ ಮಲಗಿದರು. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ದುಡ್ಡು ಪೂರ್ತಿ ಕೊಟ್ಟಾಗಿತ್ತು. ಮಣ್ಣು ಇಳಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಅಜ್ಜಿಯ ಸೀಲಿಂಗ್ ಸರಿ ಮಾಡಿಸುವಷ್ಟರಲ್ಲಿ ಒಂದೂವರೆ ಲಕ್ಷ ದಾಟಿತು. ಈ ಸಲ ಮಣ್ಣಿಗೆ ಮೊದಲು ತಾರಸಿಯ ನೀರಿನ ಕೊಳವೆ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ಜಿನುಗುತ್ತಾ ಅಂತ ನೋಡಿದೆವು. ದುಡ್ಡನ್ನು ಕಂತಿನಲ್ಲಿ ಕೊಟ್ಟೆವು, ಕೊನೆಯ ಕಂತು ಒಂದು ಮಳೆಗಾಲ ಕಳೆದ ಮೇಲೆ. ಕೊಟೇಶನ್‌ನ ಕೆಳಗೆ ಸಣ್ಣಕ್ಷರದಲ್ಲಿ ಜಿಎಸ್‌ಟಿ ಬೇರೆ ಅಂತ ಇರುತ್ತೆ. ಅದು ಶೇಕಡಾ 18, ಹೋಲಿಸುವಾಗ ಸೇರಿಸಿಕೊಂಡೇ ಹೋಲಿಸಿ. ಸತ್ತ ಗಿಡವನ್ನು ಎಷ್ಟು ತಿಂಗಳವರೆಗೆ ಬದಲಾಯಿಸಿ ಕೊಡ್ತಾರೆ ಅನ್ನೋದನ್ನೂ ಬರೆಸಿಕೊಳ್ಳಿ. ಈಗ ತಾರಸಿಯಲ್ಲಿ ಹುಲ್ಲಿಲ್ಲ, ತೊಲೆಗಳ ಮೇಲೆ ಬರುವ ಹಾಗೆ ಇಟ್ಟ ಹಗುರದ ಕುಂಡಗಳಿವೆ.

ಇನ್ನೊಂದು ಮಾತು, ರಜೆಯದು. ಸಂಕ್ರಾಂತಿಗೆ ಸೋಲಾಪುರದಲ್ಲಿ ಸಿದ್ಧೇಶ್ವರನ ಜಾತ್ರೆ. ನಮ್ಮ ಮಾಲಿ ಪ್ರತಿ ಜನವರಿಯಲ್ಲಿ ಒಂದು ವಾರ ಹೋಗ್ತಾರೆ. ಮೊದಲ ವರ್ಷ ನಾನು 300 ರೂಪಾಯಿ ಹಿಡಿದುಕೊಂಡೆ. ನನ್ನ ಆಫೀಸಿನಲ್ಲಿ ನನಗೆ ವರ್ಷಕ್ಕೆ 24 ದಿನ ಸಂಬಳದ ರಜೆ ಇದೆ ಅನ್ನೋದು ಆವಾಗ ನೆನಪಾಗಲಿಲ್ಲ. ಅವರು ಕೇಳಲಿಲ್ಲ. ಜಾತ್ರೆಯಿಂದ ಕಬ್ಬು, ಬಾರೆಹಣ್ಣು ತಂದುಕೊಟ್ಟರು. ಎರಡನೆಯ ವರ್ಷದಿಂದ ಹಿಡಿಯೋದು ಬಿಟ್ಟೆ, ದೀಪಾವಳಿಗೆ ಒಂದು ತಿಂಗಳದ್ದು ಕೊಡ್ತೀನಿ.

ಮಲ್ಲಿಗೆಯ ಕಥೆ ಮುಗಿಸ್ತೀನಿ. ನನ್ನ ಅಕ್ಕ ಇರೋದು ಡೊಂಬಿವಲಿಯಲ್ಲಿ. ಅವಳೂ ಅಮ್ಮನ ಅಂಗಳದಿಂದ ಒಂದು ಗಿಡ ಒಯ್ದಿದ್ದಳು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಗಿಡ ಸತ್ತದ್ದನ್ನು ಹೇಳಿಕೊಂಡು ಅತ್ತಾಗ ಹೇಳಿದಳು. ಕಳೆದ ವರ್ಷ ಜೂನ್‌ನಲ್ಲಿ ಹೋಗಿ ನಾಲ್ಕು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ನಮ್ಮ ಮಾಲಿ ಕೆಂಪು ಮಣ್ಣು, ಮರಳು, ಕೋಕೋಪೀಟ್ ಬೆರೆಸಿ, ಕುಂಡದ ತಳಕ್ಕೆ ಹಂಚಿನ ಚೂರು ಹಾಕಿ ನೆಟ್ಟರು. ನಾಲ್ಕರಲ್ಲಿ ಎರಡು ಬೇರು ಬಿಟ್ಟವು. ಒಂದನ್ನು ತನಗೆ ಕೊಡ್ತೀರಾ ಅಂತ ಕೇಳಿದರು, ಕೊಟ್ಟೆ. ಅದು ಈಗ ಅಕ್ಕಲಕೋಟೆಯಲ್ಲಿ ಅವರ ಮನೆ ಮುಂದೆ ಇದೆ, ಫೋಟೋ ಕಳಿಸಿದ್ದರು. ನನ್ನದು ಇನ್ನೂ ಹೂ ಬಿಟ್ಟಿಲ್ಲ. ಮೊನ್ನೆ ಭಾನುವಾರ ಚಿಗುರು ಚಿವುಟಿ, "ಇನ್ನೊಂದ್ ಬ್ಯಾಸಗಿ ತಡೀರಿ ಅಕ್ಕಾರ" ಅಂದರು.