ಸೀಸನ್ ಇಲ್ಲದ ಊರಿನಲ್ಲಿ ಎರಡು ದಿನ

“ಜನವರಿದಾಗ ಬೀಚಿಗೆ? ತಲಿ ನೆಟ್ಟಗೈತಿಲ್ಲೋ?”

ಹುಬ್ಬಳ್ಳಿಯ ರೂಮ್‌ಮೇಟ್ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹೊರಗೆ ಐದು ಡಿಗ್ರಿ ಚಳಿ. ಎಂ.ಎಸ್ಸಿ ಮುಗಿದು ನಾಲ್ಕು ತಿಂಗಳಾಗಿತ್ತು. ಇನ್‌ಬಾಕ್ಸ್ ತೆರೆದರೆ ‘ಈ ಬಾರಿ ನಿಮ್ಮನ್ನು ಆಯ್ಕೆ ಮಾಡಲಾಗುತ್ತಿಲ್ಲ’ ಎಂಬ ಮೇಲ್‌ಗಳದ್ದೇ ಸಾಲು. ಊರಿನಿಂದ ಫೋನ್ ಬಂದಾಗಲೆಲ್ಲ “ಇಂಟರ್‌ವ್ಯೂ ನಡೀತಾ ಉಂಟು” ಎನ್ನುತ್ತಿದ್ದೆ. ನಿಜಕ್ಕೂ ಯಾವುದೂ ನಡೆಯುತ್ತಿರಲಿಲ್ಲ. ಎರಡು ದಿನ ಎಲ್ಲಿಗಾದರೂ ಹೋಗಿಬಿಡಬೇಕು ಅನಿಸಿತು. ಮಲ್ಪೆಯಲ್ಲಿ ಹುಟ್ಟಿದವರಿಗೆ ‘ಎಲ್ಲಿಗಾದರೂ’ ಎಂದರೆ ಸಮುದ್ರವೇ.

ಹಾಗೆ ಹೊರಟಿದ್ದು ವಿಟ್‌ಬಿಗೆ. ಉತ್ತರ ಸಮುದ್ರದ ದಡದ ಪುಟ್ಟ ಮೀನುಗಾರಿಕೆ ಊರು. ಲೀಡ್ಸ್‌ನಿಂದ ಬಸ್ಸಿನಲ್ಲಿ ಮೂರು ಗಂಟೆಗೂ ಹೆಚ್ಚಿನ ದಾರಿ. ಯಾರ್ಕ್, ಪಿಕರಿಂಗ್ ದಾಟಿದ ಮೇಲೆ ಮರವೇ ಇಲ್ಲದ ಕಂದು ಬಯಲು. ಅದು ಮುಗಿಯುತ್ತಿದ್ದಂತೆ ದೂರದಲ್ಲಿ ಬೂದು ಬಣ್ಣದ ನೀರು ಕಂಡಿತು. ಬೇಸಿಗೆಯಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಹೋದಾಗ ಐಸ್‌ಕ್ರೀಮ್ ಅಂಗಡಿಗಳಿಗೆ ಬೀಗ, ಮರಳಿನ ಮೇಲೆ ನಾಯಿ ಓಡಿಸುವ ಮೂರ್ನಾಲ್ಕು ಜನ, ಉಳಿದಂತೆ ಕಡಲ ಹಕ್ಕಿಗಳದ್ದೇ ರಾಜ್ಯ. ಆಗಸ್ಟಿನಲ್ಲಿ ನೋಡಿ ಕೈಬಿಟ್ಟಿದ್ದ ರೂಮು ಈಗ ಅರ್ಧ ಬೆಲೆಗೆ ಸಿಕ್ಕಿತ್ತು.

ಬ್ಯಾಗ್ ಇಟ್ಟವನೇ 199 ಮೆಟ್ಟಿಲು ಹತ್ತಲು ಹೋದೆ. ನಡುನಡುವೆ ಅಗಲವಾದ ಬೆಂಚುಗಳಿವೆ. ಹಿಂದೆ ಶವಪೆಟ್ಟಿಗೆ ಹೊತ್ತು ಹತ್ತುವವರು ಅದನ್ನು ಇಳಿಸಿ ಸುಧಾರಿಸಿಕೊಳ್ಳುತ್ತಿದ್ದುದು ಇವುಗಳ ಮೇಲೆ. ತುದಿಯಲ್ಲಿರುವ ಚರ್ಚಿನ ಹೆಸರು ಸೇಂಟ್ ಮೇರಿ. ನಮ್ಮ ಮಲ್ಪೆಯ ಎದುರಿನ ದ್ವೀಪಕ್ಕೂ ಅದೇ ಹೆಸರು! ಪಕ್ಕದಲ್ಲೇ ಆಕಾಶಕ್ಕೆ ತೆರೆದುಕೊಂಡ ಹಳೆಯ ಮಠದ ಅವಶೇಷ. 657ರಲ್ಲಿ ಇಲ್ಲಿ ಮಠ ಕಟ್ಟಿದಾಗ ಅದರ ಮುಖ್ಯಸ್ಥೆಯಾಗಿದ್ದವರು ಹಿಲ್ಡಾ ಎಂಬ ಮಹಿಳೆ. 1890ರಲ್ಲಿ ಈ ಊರಿಗೆ ಬಂದು ತಂಗಿದ್ದ ಬ್ರಾಂ ಸ್ಟೋಕರ್, 1897ರ ತನ್ನ ‘ಡ್ರಾಕುಲಾ’ ಕಾದಂಬರಿಯಲ್ಲಿ ರಕ್ತಪಿಶಾಚಿಯನ್ನು ಇಂಗ್ಲೆಂಡಿನ ದಡಕ್ಕೆ ಇಳಿಸಿದ್ದೂ ಇಲ್ಲೇ. ಆ ಗಾಳಿಯ ಸದ್ದಿಗೆ ಒಬ್ಬನೇ ನಿಂತು ಕಿವಿಗೊಟ್ಟರೆ ಯಾಕೆ ಅಂತ ಗೊತ್ತಾಗುತ್ತದೆ. ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿದ. ಕತ್ತಲಲ್ಲಿ ಕೆಳಗಿಳಿದು, ಬಿಸಿ ಬಿಸಿ ಮೀನು-ಚಿಪ್ಸ್ ತಿಂದು, ಎಂಟಕ್ಕೇ ಮಲಗಿದೆ. ಎಷ್ಟೋ ವಾರಗಳ ನಂತರ ಮೇಲ್ ನೋಡದೆ ನಿದ್ದೆ ಬಂತು.

ಮಾರನೇ ದಿನ ಬೆಳಿಗ್ಗೆ ಬಂದರಿನತ್ತ ನಡೆದೆ. ಓಕ್ ಮರದ ಹೊಗೆಯಲ್ಲಿ ಹೆರ್ರಿಂಗ್ ಮೀನು ಒಣಗಿಸುವ ಹಳೆಯ ಮನೆಯಿಂದ ವಾಸನೆ ಬರುತ್ತಿತ್ತು. ಹೆರ್ರಿಂಗ್ ಎಂದರೆ ನಮ್ಮ ಬೂತಾಯಿಯ ಕುಟುಂಬದ್ದೇ ಮೀನು. ಅಮ್ಮ ಒಣಮೀನು ಸುಡುವಾಗಿನ ಅಡುಗೆಮನೆ ನೆನಪಾಯಿತು. ಸೇತುವೆಯ ಹತ್ತಿರ ಏಡಿ, ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಆಳೆತ್ತರ ಪೇರಿಸಿಟ್ಟಿದ್ದರು. ಅವುಗಳ ನಡುವೆ ಕುಳಿತ ಹಿರಿಯರೊಬ್ಬರು ಹರಿದ ಬಲೆಗೆ ಹೊಸ ಹಗ್ಗ ಹೆಣೆಯುತ್ತಿದ್ದರು. ಅಪ್ಪ ಬೋಟಿನಲ್ಲಿ ದುಡಿಯುವವರು ಎಂದಾಗ ಪಕ್ಕದಲ್ಲಿ ಜಾಗ ಕೊಟ್ಟರು. “ಚಳಿಗಾಲದಲ್ಲಿ ಬೇಸರ ಆಗಲ್ವಾ?” ಎಂದೆ. “ಬೇಸರಕ್ಕೆ ಪುರುಸೊತ್ತೆಲ್ಲಿದೆ? ಇದನ್ನೆಲ್ಲ ಯಾರು ರಿಪೇರಿ ಮಾಡ್ತಾರೆ?” ಎಂದು ನಕ್ಕರು. ಮತ್ತೆ ಕೆಲಸಕ್ಕೆ ಬಗ್ಗಿದರು.

ನನಗೆ ನೆನಪಾದದ್ದು ಮಲ್ಪೆ ದಕ್ಕೆ. ನಮ್ಮ ಕರಾವಳಿಗೆ ಚಳಿಗಾಲವೇ ಸೀಸನ್. ಆಫ್ ಸೀಸನ್ ಏನಿದ್ದರೂ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲದ 61 ದಿನ. ಮೀನು ಮರಿಯಿಡುವ ಕಾಲ, ಮೇಲೆ ಮಳೆಗಾಲದ ಕಡಲು. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಪ್ರವಾಸಿಗರಿಗೆ ಅದು ಬಿಕೋ ಎನ್ನುವ ಊರು. ಅಪ್ಪನಿಗೆ ಮಾತ್ರ ಬಲೆ ನೇಯುವ, ಹಳೆ ಸಾಲ ಲೆಕ್ಕ ಹಾಕುವ, ಮನೆಯ ಹಂಚು ಸರಿಮಾಡುವ ತಿಂಗಳುಗಳು. ಕೈಯಲ್ಲಿ ಕಾಸಿರುತ್ತಿರಲಿಲ್ಲ ನಿಜ. ಆದರೆ ಆ ಎರಡು ತಿಂಗಳು ಅಪ್ಪ “ನಾನು ಸೋತೆ” ಎಂದಿದ್ದನ್ನು ನಾನು ಕೇಳಿಲ್ಲ.

ನಾಲ್ಕು ತಿಂಗಳಿಂದ ನಾನು ಹೇಳಿಕೊಳ್ಳುತ್ತಿದ್ದದ್ದು ಅದನ್ನೇ. ಒಂದೇ ರೆಸ್ಯೂಮೆಯನ್ನು ನೂರಾರು ಕಡೆ ಕಳಿಸಿ, ಅದರಲ್ಲಿ ಹರಿದಿರುವುದೇನು ಎಂದು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಕುಳಿತು ಮನೆಗೆ ಫೋನ್ ಮಾಡಿದೆ. “ಅಮ್ಮ, ಇಂಟರ್‌ವ್ಯೂ ಯಾವುದೂ ಇಲ್ಲ. ಇಷ್ಟು ದಿನ ಸುಳ್ಳು ಹೇಳಿದೆ” ಎಂದುಬಿಟ್ಟೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, “ಗೊತ್ತುಂಟು ಮಗಾ. ನಿನ್ನ ಸ್ವರದಲ್ಲೇ ಗೊತ್ತಾಗ್ತದೆ. ಜೂನಲ್ಲಿ ನಿನ್ನ ಅಪ್ಪನಿಗೆ ಮಾತ್ರ ಕೆಲಸ ಉಂಟಾ? ಊಟ ಮಾಡಿದ್ಯಾ?” ಎಂದರು. ಕಣ್ಣು ಒದ್ದೆಯಾದದ್ದಕ್ಕೆ ಗಾಳಿಯ ನೆಪ ಚೆನ್ನಾಗಿತ್ತು.

ಸಂಜೆಯ ಬಸ್ಸಿನಲ್ಲಿ ರೆಸ್ಯೂಮೆ ತೆರೆದು ಮೊದಲ ಸಾಲಿನಿಂದ ತಿದ್ದಲು ಕುಳಿತೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಸುಳ್ಳು ಹೇಳುವ ಕೆಲಸವಂತೂ ತಪ್ಪಿದೆ. ನಿಮಗೂ ಇಂಥದ್ದೇ ದಿನಗಳಿದ್ದರೆ, ಸೀಸನ್ ಮುಗಿದ ಯಾವುದಾದರೂ ಕಡಲೂರಿಗೆ ಒಮ್ಮೆ ಹೋಗಿಬನ್ನಿ. ಖರ್ಚು ಕಮ್ಮಿ, ಜನ ಕಮ್ಮಿ, ಮಾತಾಡುವವರಿಗೆ ಪುರುಸೊತ್ತು ಜಾಸ್ತಿ. ಬೆಚ್ಚನೆಯ ಜಾಕೆಟ್ ಅಥವಾ ಗಟ್ಟಿ ಕೊಡೆ ಇರಲಿ. ಅಲೆ ಜೋರಿದ್ದರೆ ನೀರಿನ ಹತ್ತಿರ ಹೋಗಬೇಡಿ, ದಡದಲ್ಲಿ ಕುಳಿತು ನೋಡಿದರೆ ಸಾಕು.